ಎಣ್ಣೆಯ ಬಲದಲ್ಲಿ ಓಡಿದ ಕೆಂಪು ಲೋಕೊ

1980ರ ಆಸುಪಾಸಿನಲ್ಲಿ ಉತ್ತರ ಜರ್ಮನಿಯ ಲ್ಯೂಬೆಕ್‌ನಲ್ಲಿ ಕೆಲಸಕ್ಕಿದ್ದೆ. ವಿ 200 ಲೋಕೊಗಳ ಕೊನೆಗಾಲವನ್ನು ಕಣ್ಣಾರೆ ಕಂಡದ್ದು ಅಲ್ಲೇ. 1968ರಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ ಅನುಕೂಲವಾಗಲೆಂದು ರೈಲ್ವೆ ಅವಕ್ಕೆ 220, 221 ಎಂಬ ಅಂಕಿ ಕೊಟ್ಟಿದ್ದರೂ ಶೆಡ್ಡಿನ ಹಳಬರ ಬಾಯಲ್ಲಿ ಅವು ವಿ 200 ಆಗಿಯೇ ಉಳಿದಿದ್ದವು. ದುಂಡನೆಯ ಮೂತಿ, ಅದರ ಮೇಲೆ ದೊಡ್ಡದೊಂದು 'ವಿ' ಆಕಾರದ ಪಟ್ಟಿ, ಕಡುಗೆಂಪು ಮೈ. ಇಷ್ಟು ಚೆಂದದ ಡೀಸೆಲ್ ಲೋಕೊವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಗೊತ್ತಿದ್ದದ್ದು ಉಗಿಬಂಡಿ, ಆಮೇಲೆ ಮೀಟರ್ ಗೇಜಿನ ವೈಡಿಎಂ-4. ಅದರ ಆಲ್ಕೊ ಎಂಜಿನ್ನಿನದು ನಿಧಾನದ ಗುಡುಗು. ವಿ 200ರ ಸದ್ದೇ ಬೇರೆ. ಒಳಗೆ ಎರಡು ಎಂಜಿನ್, ತಲಾ 12 ಸಿಲಿಂಡರ್, ನಿಮಿಷಕ್ಕೆ 1500 ಸುತ್ತು. ಎರಡರ ವೇಗದಲ್ಲಿ ತುಸು ಹೆಚ್ಚುಕಡಿಮೆಯಾದರೂ ಸದ್ದು ಅಲೆ ಅಲೆಯಾಗಿ ಏರಿ ಇಳಿಯುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರೂ ಬಂದದ್ದು ಯಾವುದೆಂದು ಹೇಳಬಹುದಿತ್ತು.

ಮ್ಯೂನಿಕ್‌ನ ಕ್ರೌಸ್-ಮಾಫೈ ಕಂಪನಿ 1953ರಲ್ಲಿ ಇದನ್ನು ಮೊದಲು ಜನರ ಮುಂದಿಟ್ಟಿತು. ಮೊದಲ ಐದು ಲೋಕೊಗಳ ಪರೀಕ್ಷೆ ಮುಗಿದು, 1956ರಿಂದ ಸಾಲಾಗಿ ತಯಾರಾಗಿ, ಒಟ್ಟು 86 ಆದವು. 1962ರಿಂದ ಇನ್ನೂ ಬಲವಾದ 50 (ಮುಂದೆ 221 ಎನಿಸಿಕೊಂಡವು) ಬಂದವು. ಮೊದಲ ಸಾಲಿನವಕ್ಕೆ 2200 ಅಶ್ವಶಕ್ತಿ, ಗಂಟೆಗೆ 140 ಕಿಲೋಮೀಟರ್ ವೇಗ, ತೂಕ ಮಾತ್ರ ಸುಮಾರು 80 ಟನ್. ನಮ್ಮ ಡಬ್ಲ್ಯೂಡಿಎಂ-2 ಲೋಕೊ 2600 ಅಶ್ವಶಕ್ತಿಗೆ ಸುಮಾರು 113 ಟನ್ ತೂಗುತ್ತದೆ, ಅದಕ್ಕೆ ಆರು ಅಚ್ಚು ಬೇಕು. ವಿ 200ಕ್ಕೆ ನಾಲ್ಕೇ ಸಾಕಾದವು.

ಈ ಹಗುರದ ಗುಟ್ಟು ಬಹುಮಟ್ಟಿಗೆ ಎಣ್ಣೆಯಲ್ಲಿದೆ. ಡೀಸೆಲ್-ಎಲೆಕ್ಟ್ರಿಕ್ ಲೋಕೊದಲ್ಲಿ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟು ಅಚ್ಚಿನ ಮೋಟಾರುಗಳಿಗೆ ಹೋಗುತ್ತದೆ. ತಾಮ್ರ, ಕಬ್ಬಿಣದ ಭಾರವನ್ನೆಲ್ಲ ಹೊತ್ತೇ ಓಡಬೇಕು. ಇಲ್ಲಿ ಅದೇನೂ ಇಲ್ಲ. ಎಂಜಿನ್ ತಿರುಗಿಸುವ ಪಂಪ್ ಚಕ್ರ ಎಣ್ಣೆಯನ್ನು ಎರಚುತ್ತದೆ, ಎಣ್ಣೆಯ ರಭಸಕ್ಕೆ ಎದುರಿನ ಟರ್ಬೈನ್ ಚಕ್ರ ತಿರುಗುತ್ತದೆ, ಬಲ ಶಾಫ್ಟುಗಳ ಮೂಲಕ ಅಚ್ಚುಗಳಿಗೆ ಇಳಿಯುತ್ತದೆ. ಹಡಗುಗಳಿಗೆಂದು ಹರ್ಮನ್ ಫೊಟ್ಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಫೊಯ್ಟ್ ಕಂಪನಿಯ ಗೇರ್‌ಪೆಟ್ಟಿಗೆಯಲ್ಲಿ ಇಂಥ ಪಂಪ್-ಟರ್ಬೈನ್ ಘಟಕಗಳು, ಅಂದರೆ ಕನ್ವರ್ಟರುಗಳು, ಸರದಿಯ ಮೇಲೆ ಎಣ್ಣೆ ತುಂಬಿಕೊಂಡು ಖಾಲಿಯಾಗುತ್ತಿದ್ದವು. ಮೈಬಾಖ್‌ನ ಮೆಕಿಡ್ರೊದಲ್ಲಿ ಒಂದೇ ಕನ್ವರ್ಟರ್, ಅದರ ಜೊತೆ ನಾಲ್ಕು ಗೇರು. ಒಂದು ಜೋಡಿಯ ಎರಡೂ ಅಚ್ಚುಗಳು ಒಂದಕ್ಕೊಂದು ಕೂಡಿಕೊಂಡಿದ್ದರಿಂದ, ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಒಂದರ ಕಾಲು ಜಾರಿದರೆ ಇನ್ನೊಂದು ಎಳೆಯುತ್ತಿತ್ತು. ಮಳೆ, ಮಂಜಿನ ದಿನ ಅದರ ಬೆಲೆ ತಿಳಿಯುತ್ತಿತ್ತು.

ನಾನು ಹೆಚ್ಚು ಮೆಚ್ಚಿದ್ದು ಇನ್ನೊಂದನ್ನು. ಮೈಬಾಖ್, ಡೈಮ್ಲರ್-ಬೆಂಝ್, ಎಂಎಎನ್ ಮೂವರೂ ತಮ್ಮ ತಮ್ಮ ಎಂಜಿನ್ ಮಾಡುತ್ತಿದ್ದರೂ ಯಾರದ್ದನ್ನಾದರೂ ಅದೇ ಜಾಗದಲ್ಲಿ ಕೂರಿಸಬಹುದಿತ್ತು. ಶೆಡ್ಡಿನ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ನೆರೆಯವರಾಗಿದ್ದರು. ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರ ಬಲದಲ್ಲೇ ಗಾಡಿಯನ್ನು ಮುಂದಿನ ಊರು ಮುಟ್ಟಿಸಿದ ಕತೆಗಳು ಅವರ ಹತ್ತಿರ ಬೇಕಾದಷ್ಟಿದ್ದವು. 1963ರಲ್ಲಿ ಫೇಮಾರ್ನ್ ಸೇತುವೆಯಾಗಿ ಕೋಪನ್‌ಹೇಗನ್ ದಾರಿ ತೆರೆದಾಗ ದೂರದ ಎಕ್ಸ್‌ಪ್ರೆಸ್ಸುಗಳನ್ನು ದೋಣಿಕಟ್ಟೆಯವರೆಗೆ ಎಳೆದದ್ದನ್ನೂ ಹೇಳುತ್ತಿದ್ದರು. ನಾನು ಹೋಗುವ ಹೊತ್ತಿಗೆ 220ಗಳು ಸಣ್ಣ ಊರುಗಳ ಪ್ಯಾಸೆಂಜರ್ ಎಳೆಯುತ್ತಿದ್ದವು. 221ಗಳು ಆಗಲೇ ರೂರ್ ಸೀಮೆಯ ಗೂಡ್ಸ್ ಕೆಲಸಕ್ಕೆ ಹೋಗಿದ್ದವು.

ಅವನತಿಗೆ ಎಣ್ಣೆಯೇ ಕಾರಣ ಎನ್ನುವವರಿದ್ದಾರೆ; ನಾನು ಒಪ್ಪುವುದಿಲ್ಲ. ಎರಡು ಎಂಜಿನ್ ಎಂದರೆ ರಿಪೇರಿಯೂ ಎರಡರಷ್ಟು. ಚಳಿಗಾಲದಲ್ಲಿ ಡಬ್ಬಿಗಳನ್ನು ಬೆಚ್ಚಗಿಡಲು ಇವುಗಳೊಳಗೆ ಉಗಿಯ ಬಾಯ್ಲರ್ ಇತ್ತು. ಹೊಸ ಡಬ್ಬಿಗಳು ಕೇಳಿದ್ದು ಕರೆಂಟನ್ನು. 218 ಎಂಬ ಹೊಸ ಲೋಕೊ ಒಂದೇ ಎಂಜಿನ್ನಿನಲ್ಲಿ 2500 ಅಶ್ವಶಕ್ತಿ ಕೊಟ್ಟು ಡಬ್ಬಿಗಳಿಗೆ ಕರೆಂಟನ್ನೂ ಒದಗಿಸಿತು. ಅದರ ಹೊಟ್ಟೆಯಲ್ಲೂ ಫೊಯ್ಟ್‌ನ ಎಣ್ಣೆಯೇ ತಿರುಗುತ್ತಿತ್ತು.

ಹಲವು ಹೊರದೇಶಗಳಲ್ಲಿ ಈ ವಿದ್ಯೆ ಬೇರೂರಲಿಲ್ಲ. ಬ್ರಿಟನ್ 1958ರಿಂದ ಇದೇ ಮಾದರಿಯ 'ವಾರ್‌ಶಿಪ್'ಗಳನ್ನು ಓಡಿಸಿ 1972ರಲ್ಲಿ ಕೈಬಿಟ್ಟಿತು. ಕ್ರೌಸ್-ಮಾಫೈ 1961ರಿಂದ ಅಮೆರಿಕಕ್ಕೆ ಕಳಿಸಿದ 4000 ಅಶ್ವಶಕ್ತಿಯ 21 ಲೋಕೊಗಳಿಗೂ ಅಲ್ಲಿ ದೀರ್ಘಾಯುಷ್ಯ ಇರಲಿಲ್ಲ. ನಮ್ಮಲ್ಲಿಗೂ 1970ರಲ್ಲಿ ಹೆನ್ಶೆಲ್ ಕಂಪನಿಯಿಂದ ಇಂಥ ಎಣ್ಣೆಯ ಬಲದ ಎಂಟು ಡೀಸೆಲ್-ಹೈಡ್ರಾಲಿಕ್ ಲೋಕೊ ಬಂದು ಡಬ್ಲ್ಯೂಡಿಎಂ-3 ಎನಿಸಿಕೊಂಡವು. ಶೆಡ್ಡುಗಳ ತುಂಬ ಆಲ್ಕೊ ಇರುವಾಗ ಬರೀ ಎಂಟಕ್ಕಾಗಿ ಬೇರೆ ಬಿಡಿಭಾಗ, ಬೇರೆ ಕೈಚಳಕ ಸಾಕಿಕೊಳ್ಳುವುದು ಯಾವ ರೈಲ್ವೆಗೂ ಸುಲಭವಲ್ಲ.

220ಗಳ ಓಡಾಟ 1984ರಲ್ಲಿ ಲ್ಯೂಬೆಕ್‌ನಲ್ಲೇ ಮುಗಿಯಿತು, 221ಗಳದು 1988ರಲ್ಲಿ. ಕೆಲವು ಸ್ವಿಟ್ಜರ್ಲೆಂಡಿಗೆ ಹಳಿ ಕೆಲಸಕ್ಕೆ ಹೋದವು, 20 ಗ್ರೀಸಿನ ಪಾಲಾದವು. ನಮ್ಮ ಹ್ಯಾಂಬರ್ಗ್–ಲ್ಯೂಬೆಕ್ ಮಾರ್ಗಕ್ಕೆ ವಿದ್ಯುತ್ ತಂತಿ ಬಂದದ್ದು 2008ರ ಕೊನೆಗೆ. ಅಲ್ಲಿಯವರೆಗೂ ಆ ದಾರಿಯನ್ನು ಹೆಚ್ಚಾಗಿ ನಡೆಸಿದ್ದು 218ಗಳೇ.