ಆಗುಂಬೆಯ ಏರಿನಲ್ಲಿ ಸೋಲುವ ಎಂಜಿನ್

ಮಲ್ಪೆ ಬಂದರಿನಲ್ಲಿ ಐಸ್ ತುಂಬಿದ ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು ತೀರ್ಥಹಳ್ಳಿಯ ಕಡೆಗೆ ಹೊರಡುವ ಗಾಡಿಗಳು ಉಡುಪಿ, ಹೆಬ್ರಿಗಳನ್ನು ದಾಟಿ ಸೋಮೇಶ್ವರಕ್ಕೆ ಬರುತ್ತವೆ. ಅಲ್ಲಿಯವರೆಗೆ ರಸ್ತೆ ಸಲೀಸು. ಮುಂದೆ ಕಾಡಿನ ನಡುವೆ 14 ಕಡಿದಾದ ತಿರುವುಗಳ ಆಗುಂಬೆ ಘಾಟಿ. ಪ್ರವಾಸಿಗರಿಗೆ ಇದು ಸೂರ್ಯಾಸ್ತದ ತಾಣ. ಆಕಾಶ ತಿಳಿಯಾಗಿದ್ದರೆ ಮೇಲಿನಿಂದ ಅರಬ್ಬೀ ಸಮುದ್ರವೇ ಕಾಣುತ್ತದೆ. ಹಳೆಯ ಪಿಕಪ್ ಓಡಿಸುವ ಚಾಲಕನಿಗೆ ಮಾತ್ರ ಇದೊಂದು ಪರೀಕ್ಷೆಯ ಕೊಠಡಿ.

ಇಂಥ ಒಂದು ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವಯಸ್ಸು ಹದಿನೈದು ದಾಟಿದ ಡೀಸೆಲ್ ಪಿಕಪ್. ಕಂಪ್ಯೂಟರ್ ಇಲ್ಲದ ಹಳೆಯ ಎಂಜಿನ್. ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಘಾಟಿಯ ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಎಳೆತ ಕುಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ವೇಗ ಏರದು. ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗದಂತೆ ಹೊರಡುತ್ತದೆ. ಎರಡು ತಿರುವು ಕಳೆದರೆ ಮತ್ತೆ ಅದೇ ಪಾಡು. ಗ್ಯಾರೇಜಿಗೆ ತಂದು ನಿಲ್ಲಿಸಿದಾಗ ಎಲ್ಲವೂ ಸರಿಯಾಗಿರುತ್ತದೆ. ಒಬ್ಬರು ಪಂಪ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ನೇ ಬಿಚ್ಚಬೇಕು ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಸಣ್ಣ ಖರ್ಚಲ್ಲ. ಬಾಡಿಗೆ ಓಡಿಸಿ ಬದುಕುವ ಮನೆಗೆ ತಿಂಗಳುಗಟ್ಟಲೆ ದುಡಿಮೆಯ ಹಣ.

ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ.

“ಘಾಟಿಯಲ್ಲಿ ಎಳೆಯುದೇ ಇಲ್ಲ ಮಾರಾಯ್ರೆ.”

“ಹೊಗೆ ಯಾವ ಬಣ್ಣ ಬರ್ತದೆ?”

“ಹೊಗೆಯೇ ಇಲ್ಲ.”

ಈ ಒಂದು ಉತ್ತರದಲ್ಲಿ ಅರ್ಧ ಪರಿಹಾರವಿದೆ. ಡೀಸೆಲ್ ಉರಿಯಲು ಸಾಕಷ್ಟು ಗಾಳಿ ಸಿಗದಿದ್ದರೆ ಕಪ್ಪು ಹೊಗೆ ಬರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಾಗ ಹೀಗಾಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಹೊಗೆಯಿಲ್ಲದೆ ಬಲ ಮಾತ್ರ ಕುಗ್ಗಿದರೆ, ಬೇಕಾದಷ್ಟು ಡೀಸೆಲ್ ಎಂಜಿನ್ನಿಗೆ ತಲುಪುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ.

“ಮೇಲೆ ಗಾಳಿ ತೆಳು, ಅದಕ್ಕೇ ಹೀಗೆ” ಎನ್ನುವವರೂ ಇದ್ದಾರೆ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಕಡಿಮೆ. ಇದು ಕಾರಣವಾಗಿದ್ದರೆ ಘಾಟಿಯ ತುದಿಯಲ್ಲೇ ತೊಂದರೆ ಹೆಚ್ಚಬೇಕಿತ್ತು. ಆದರೆ ಮೇಲೇರಿ ಸಮತಟ್ಟು ರಸ್ತೆ ಸಿಕ್ಕಿದೊಡನೆ ಗಾಡಿ ಸಲೀಸಾಗಿ ಓಡುತ್ತದೆ. ಆದ್ದರಿಂದ ಕಾರಣ ಎತ್ತರವಲ್ಲ, ಏರು.

ಏರಿನಲ್ಲಿ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೇಕು. ಟ್ಯಾಂಕಿನಿಂದ ಡೀಸೆಲ್ ಹೊರಹೋದಷ್ಟೂ ಆ ಜಾಗಕ್ಕೆ ಗಾಳಿ ಒಳಬರಬೇಕು. ಅನೇಕ ಹಳೆಯ ಗಾಡಿಗಳಲ್ಲಿ ಇದಕ್ಕಾಗಿ ಟ್ಯಾಂಕಿನ ಮುಚ್ಚಳದಲ್ಲೇ ಒಂದು ಸಣ್ಣ ರಂಧ್ರವಿರುತ್ತದೆ. ಧೂಳು, ಕೆಸರು ಸೇರಿ ಅದು ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತದೆ. ಪಂಪ್ ಎಷ್ಟು ಎಳೆದರೂ ಡೀಸೆಲ್ ಸಾಕಷ್ಟು ಬಾರದು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸ್ಟ್ರಾ ತೂರಿಸಿ, ಸುತ್ತ ಗಾಳಿ ನುಸುಳದಂತೆ ಮೇಣ ಮೆತ್ತಿ, ನೀರು ಹೀರಿ ನೋಡಿದರೆ ವಿದ್ಯಾರ್ಥಿಗಳಿಗೆ ಇದು ಮನೆಯಲ್ಲೇ ತಿಳಿಯುತ್ತದೆ. ನಾಲ್ಕು ಗುಟುಕಿಗೇ ಬಾಟಲಿ ಕುಗ್ಗಿ, ಹೀರುವುದು ಕಷ್ಟವಾಗುತ್ತದೆ.

ಗಾಡಿ ನಿಲ್ಲಿಸಿದ ಹತ್ತು ನಿಮಿಷದಲ್ಲಿ ಅರೆಮುಚ್ಚಿದ ರಂಧ್ರದಿಂದ ಗಾಳಿ ನಿಧಾನವಾಗಿ ಒಳಸೇರುತ್ತದೆ. ಬಯಲಿನಲ್ಲಿ ಡೀಸೆಲ್ ಕಡಿಮೆ ಸಾಕಾದ್ದರಿಂದ ಅಷ್ಟು ಗಾಳಿಯೇ ಸಾಲುತ್ತದೆ. ದೋಷ ಬಂದು ಹೋಗುವುದರ ಗುಟ್ಟು ಇದೇ.

ಪರೀಕ್ಷೆಗೆ ಖರ್ಚಿಲ್ಲ. ಎಳೆತ ಕುಗ್ಗಿದಾಗ ವಿಶಾಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಮುಚ್ಚಳ ತೆಗೆಯಬೇಕು. ಬುಸ್ಸೆಂದು ಗಾಳಿ ಒಳನುಗ್ಗಿ, ಕೂಡಲೇ ಹೊರಟ ಗಾಡಿ ಮುಂದಿನ ತಿರುವುಗಳನ್ನು ಚುರುಕಾಗಿ ಹತ್ತಿದರೆ ಕಳ್ಳ ಸಿಕ್ಕಿಬಿದ್ದಂತೆ. ಬದಲಾವಣೆ ಕಾಣದಿದ್ದರೆ ಡೀಸೆಲ್ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಬಿರುಕುಬಿಟ್ಟು ಗಾಳಿ ಹೀರುವ ರಬ್ಬರ್ ಪೈಪು ಇವುಗಳನ್ನು ಸರದಿಯಂತೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಟ್ಟಿಗೆ ಮೂರನ್ನು ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದೇ ಇಲ್ಲ.

ಎಚ್ಚರಿಕೆಯೂ ಅಗತ್ಯ. ತಿರುವಿನಲ್ಲಿ ಎಂಜಿನ್ ನಿಂತರೆ ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಬಾರಿ ಒತ್ತುವಷ್ಟರಲ್ಲಿ ಮುಗಿದು, ಪೆಡಲ್ ಕಲ್ಲಿನಂತಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಗೇರಿನಲ್ಲಿಟ್ಟು, ಕೂಡಲೇ ಚಕ್ರಕ್ಕೆ ಕಲ್ಲು ಕೊಡಬೇಕು. ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಜಾರಿಸಿ ನೋಡುವ ಸಾಹಸ ಘಾಟಿಯಲ್ಲಿ ಸಲ್ಲದು.

ಬಂದು ಹೋಗುವ ದೋಷಕ್ಕೂ ಒಂದು ನಿಯಮವಿರುತ್ತದೆ. ಯಾವಾಗ, ಎಲ್ಲಿ, ಎಷ್ಟು ಹೊರೆ ಇದ್ದಾಗ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದ್ದಾಗ ಎಂದು ಬರೆದಿಟ್ಟ ಚಾಲಕನ ಪುಟ್ಟ ಪುಸ್ತಕ, ಹೊಸ ಪಂಪಿನ ಬೆಲೆಯನ್ನೇ ಉಳಿಸಿಕೊಡಬಹುದು.