ಗಂಟೆಯ ಹಾಡಿನೊಳಗೊಂದು ಹಕ್ಕಿ

"ಅಜ್ಜಾ, ನಂಗೆ ಈ ಹಾಡು ಬೋರು. ಅದನ್ನೇ ಎಷ್ಟು ಸಲ ಹಾಡೋದು?"

2024ರ ಡಿಸೆಂಬರ್ ತಿಂಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷದ ಮೊಮ್ಮಗಳು ಶಾಲೆಯ ಗಾಯನ ತಂಡಕ್ಕೆ ಸೇರಿದ್ದಳು. ಕ್ರಿಸ್‌ಮಸ್ ರಜೆಗೆ ಮುಂಚೆ ಶಾಲೆಯಲ್ಲಿ ಹಾಡಿನ ಕಾರ್ಯಕ್ರಮ. ಅವಳ ತಂಡದ ಪಾಲಿಗೆ ಬಂದದ್ದು 'ಕ್ಯಾರಲ್ ಆಫ್ ದ ಬೆಲ್ಸ್', ಅಂದರೆ ಗಂಟೆಗಳ ಹಾಡು. ಕ್ರಿಸ್‌ಮಸ್ ಕಾಲದಲ್ಲಿ ಗುಂಪಾಗಿ ಹಾಡುವ ಹಾಡುಗಳಿಗೆ ಕ್ಯಾರಲ್ ಎನ್ನುತ್ತಾರೆ.

ನಾನು ಬಿ.ಕಾಂ. ಓದಿದವನು. ರಾಗ ತಾಳ ಗೊತ್ತಿಲ್ಲ, ಎಣಿಸುವುದು ಗೊತ್ತು. ಸೋಫಾದಲ್ಲಿ ಕೂತು ಅವಳ ಅಭ್ಯಾಸ ಕೇಳುತ್ತಾ ಎಣಿಸಿದೆ. ಒಂದು ತುಣುಕಿಗೆ ನಾಲ್ಕೇ ಬಡಿತ, ಅದರಲ್ಲಿ ಇರುವುದು ಮೂರೇ ಸ್ವರ. ಹಾಡಿನ ಉದ್ದಕ್ಕೂ ಅದೇ ತುಣುಕು ಸುತ್ತುತ್ತದೆ. ಅದರ ಮೇಲೆ, ಕೆಳಗೆ ಉಳಿದ ದನಿಗಳು ಬಂದು ಸೇರುತ್ತವೆ. ವಾದ್ಯವೇ ಬೇಡ, ಕಂಠಗಳೇ ಸಾಕು.

ಅವಳು ತಂದಿದ್ದ ಕಾರ್ಯಕ್ರಮದ ಹಾಳೆ ನೋಡಿದೆ. ಪ್ರತಿ ಹಾಡಿನ ಮುಂದೆ ರಚಿಸಿದವರ ಹೆಸರಿತ್ತು. ಇದರ ಮುಂದೆ ಮಾತ್ರ 'ಉಕ್ರೇನಿನ ಸಾಂಪ್ರದಾಯಿಕ ಗೀತೆ' ಎಂದಷ್ಟೇ ಇತ್ತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಕಣ್ಣು ಅಲ್ಲೇ ನಿಂತಿತು. ಯಾರದ್ದೆಂದು ತಿಳಿಯದ ಹಣ ಬಂದರೆ ನಾವು ಅದನ್ನು 'ಸಂಡ್ರಿ' ಖಾತೆಗೆ ಹಾಕಿ, ವಾರಸುದಾರರು ಸಿಗುವ ತನಕ ಹುಡುಕುತ್ತಿದ್ದೆವು. ಇಷ್ಟು ಒಳ್ಳೆಯ ಹಾಡು ಸಂಡ್ರಿ ಖಾತೆಯಲ್ಲಿ ಬಿದ್ದಿರುವುದೇ?

ಮಗಳು ಊರಿನ ಗ್ರಂಥಾಲಯದಿಂದ ಪುಸ್ತಕ ತಂದುಕೊಟ್ಟಳು. ಮೂರು ದಿನ ಓದಿದೆ. ಶನಿವಾರ ಮೊಮ್ಮಗಳಿಗೆ ಹೇಳಿದೆ, "ನಡಿ ಪುಟ್ಟಿ, ನಿನ್ನ ಬೋರು ಹಾಡು ಅಮೆರಿಕಕ್ಕೆ ಬಂದು ಇಳಿದ ಜಾಗ ನೋಡಿ ಬರೋಣ."

ರೈಲಿನಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್ ತಲುಪಿ ಏಳನೇ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆದೆವು. ಸ್ವೆಟರಿನ ಮೇಲೆ ಜಾಕೆಟ್, ಅದರ ಮೇಲೆ ಮಫ್ಲರ್. ಆದರೂ ಕಿವಿ ಮರಗಟ್ಟಿತ್ತು. ಟೈಮ್ಸ್ ಸ್ಕ್ವೇರಿನ ದೀಪಗಳನ್ನೂ ಜನಜಂಗುಳಿಯನ್ನೂ ದಾಟಿ 57ನೇ ಬೀದಿಯ ಮೂಲೆಗೆ ಬಂದಾಗ ನನ್ನ ಮಂಡಿ ದೂರು ಹೇಳುತ್ತಿತ್ತು. ಸುತ್ತ ಆಕಾಶ ಮುಟ್ಟುವ ಗಾಜಿನ ಕಟ್ಟಡಗಳು. ನಡುವೆ ಕಂದು ಇಟ್ಟಿಗೆಯ, ಕಮಾನು ಕಿಟಕಿಗಳ ಒಂದು ಹಳೆಯ ಕಟ್ಟಡ. ಅದೇ ಕಾರ್ನೆಗಿ ಹಾಲ್. 1891ರಲ್ಲಿ ತೆರೆದ ಈ ಸಂಗೀತ ಸಭಾಂಗಣದಲ್ಲಿ ಸುಮಾರು 2,800 ಜನ ಕೂರಬಹುದು.

ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ಹೇಳಿದೆ. "1922ನೇ ಇಸವಿ ಅಕ್ಟೋಬರ್ 5. ಉಕ್ರೇನಿನಿಂದ ಬಂದ ಒಂದು ಗಾಯನ ತಂಡ ಇದರೊಳಗೆ ನಿನ್ನ ಹಾಡನ್ನು ಹಾಡಿತು. ಅಮೆರಿಕದವರು ಅದನ್ನು ಮೊದಲು ಕೇಳಿದ್ದು ಅವತ್ತು."

"ಬರೆದವರೂ ಬಂದಿದ್ರಾ ಅಜ್ಜಾ?"

ಹೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದೆ. ಮಕ್ಕಳಿಗೆ ಸುಳ್ಳು ಹೇಳಬಾರದು. ಹೇಳಿದೆ.

ಅವರ ಹೆಸರು ಮಿಕೋಲಾ ಲೆಯೊಂತೋವಿಚ್. 1877ರಲ್ಲಿ ಉಕ್ರೇನಿನ ಪೊದೋಲಿಯಾ ಪ್ರಾಂತ್ಯದಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಪಾದ್ರಿ. ಮಗ ಶಾಲೆಯಲ್ಲಿ ಸಂಗೀತದ ಮೇಷ್ಟರಾದರು. ಹೋದಲ್ಲೆಲ್ಲ ಜನರನ್ನು ಕೂಡಿಸಿ ಹಾಡಿಸುವುದು ಅವರ ಸ್ವಭಾವ. ಇಂದು ಪೊಕ್ರೊವ್ಸ್ಕ್ ಎನ್ನುವ ಊರಿನಲ್ಲಿದ್ದಾಗ ರೈಲ್ವೆ ಕೆಲಸಗಾರರದ್ದೇ ಒಂದು ಗಾಯನ ತಂಡ ಕಟ್ಟಿದ್ದರು. ಈಚೆಗೆ ಯುದ್ಧದ ಸುದ್ದಿಯಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದು ಅದೇ ಪೊಕ್ರೊವ್ಸ್ಕ್ ಹೆಸರನ್ನು.

ಹಳ್ಳಿಯವರು ಹೊಸವರ್ಷಕ್ಕೆ ಹಾಡುತ್ತಿದ್ದ ಒಂದು ಪುಟ್ಟ ಹಾಡನ್ನು ಮೇಷ್ಟರು ಎತ್ತಿಕೊಂಡರು. ಅದರಲ್ಲಿದ್ದದ್ದು ಆ ನಾಲ್ಕು ಬಡಿತ ಮಾತ್ರ. ವರ್ಷಗಟ್ಟಲೆ ಬರೆದು, ತಿದ್ದಿ, ಮತ್ತೆ ಬರೆದು ಅದರ ಸುತ್ತ ನಾಲ್ಕು ಬಗೆಯ ಕಂಠಗಳಿಗೆ ಹಾಡು ಹೆಣೆದರು. 1916ರ ಡಿಸೆಂಬರಿನಲ್ಲಿ ಕೀವ್ ನಗರದಲ್ಲಿ ವಿದ್ಯಾರ್ಥಿಗಳ ತಂಡವೊಂದು ಅದನ್ನು ಮೊದಲು ಹಾಡಿತು. ಹಾಡಿಸಿದವರು ಒಲೆಕ್ಸಾಂದರ್ ಕೊಶೆತ್ಸ್.

ಆಗ ಉಕ್ರೇನ್ ಹೊಸದಾಗಿ ಸ್ವತಂತ್ರವೆಂದು ಸಾರಿಕೊಂಡ ದೇಶವಾಯಿತು. ನಾವೂ ಒಂದು ದೇಶ ಎಂದು ಜಗತ್ತಿಗೆ ತಿಳಿಸಬೇಕು. ಹೇಗೆ? ಸರ್ಕಾರ 1919ರಲ್ಲಿ ಕೊಶೆತ್ಸರ ನಾಯಕತ್ವದಲ್ಲಿ ಒಂದು ಗಾಯನ ತಂಡವನ್ನು ಹೊರದೇಶಗಳಿಗೆ ಕಳಿಸಿತು. ತಂಡ ಯುರೋಪಿನ ಊರೂರು ಸುತ್ತಿ ಹಾಡುತ್ತಿದ್ದಾಗ ಇತ್ತ ದೇಶವೇ ಕೈಬಿಟ್ಟು ಹೋಯಿತು. ಸೋವಿಯತ್ ಆಡಳಿತ ಬಂತು. 1921ರ ಜನವರಿ 23ರಂದು, ಮೇಷ್ಟರು ತಂದೆ ತಾಯಿಯ ಮನೆಯಲ್ಲಿದ್ದಾಗ, ರಾತ್ರಿ ತಂಗಲು ಜಾಗ ಕೇಳಿ ಬಂದ ಸೋವಿಯತ್ ಗುಪ್ತ ಪೊಲೀಸಿನವನೊಬ್ಬ ಅವರನ್ನು ಗುಂಡಿಟ್ಟು ಕೊಂದ. ಅವರಿಗೆ ಆಗ 43 ವರ್ಷ.

"ಅಂದ್ರೆ ಇಲ್ಲಿ ಹಾಡಿದ್ದು ಅವರಿಗೆ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಪುಟ್ಟಿ."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕಟ್ಟಡದ ಬಾಗಿಲನ್ನೇ ನೋಡುತ್ತಿದ್ದಳು.

ಇಷ್ಟು ಕೇಳಿದ ಮೇಲೆ ಹಸಿವಾಗಬೇಕಲ್ಲ! ಸುರಂಗ ರೈಲು ಹತ್ತಿ ದಕ್ಷಿಣಕ್ಕೆ ಈಸ್ಟ್ ವಿಲೇಜ್ ಎಂಬ ಕಡೆ ಇಳಿದೆವು. ಉಕ್ರೇನಿನಿಂದ ವಲಸೆ ಬಂದವರು ಬಹು ಕಾಲದಿಂದ ನೆಲೆಸಿದ ಜಾಗ ಅದು. ಏಳನೇ ಬೀದಿಯಲ್ಲಿ ಗುಮ್ಮಟವಿರುವ ಅವರ ಇಗರ್ಜಿ, ಆರನೇ ಬೀದಿಯಲ್ಲಿ ಅವರ ವಸ್ತುಸಂಗ್ರಹಾಲಯ. ಎರಡೂ ಬೀದಿಗಳನ್ನು ಕೂಡಿಸುವ ಪುಟ್ಟ ಓಣಿಗೆ ಅವರ ದೊಡ್ಡ ಕವಿ ತಾರಾಸ್ ಶೆವ್‌ಚೆಂಕೊ ಹೆಸರು. ಎರಡನೇ ಅವೆನ್ಯೂನಲ್ಲಿ 1954ರಿಂದ ನಡೆಯುತ್ತಿರುವ 'ವೆಸೆಲ್ಕಾ' ಎಂಬ ಹೋಟೆಲ್ ಇದೆ. ಆ ಹೆಸರಿಗೆ ಕಾಮನಬಿಲ್ಲು ಎಂದರ್ಥ. ಆಲೂಗಡ್ಡೆ ತುಂಬಿದ 'ವರೇನಿಕಿ' ತರಿಸಿಕೊಂಡೆವು. ನೋಡಿದರೆ ನಮ್ಮ ಕಡುಬಿನ ತಮ್ಮನೇ! ಸಿಹಿಯಿಲ್ಲ ಅಷ್ಟೆ.

ತಿನ್ನುತ್ತಾ ಮೊಮ್ಮಗಳು ತನಗರಿವಿಲ್ಲದೆ ಆ ನಾಲ್ಕು ಬಡಿತ ಗುನುಗುತ್ತಿದ್ದಳು. ಪಕ್ಕದ ಮೇಜಿನಲ್ಲಿದ್ದ, ನನ್ನದೇ ಓರಗೆಯ ಹೆಂಗಸೊಬ್ಬರು ತಿರುಗಿ ನಕ್ಕರು. "ನಿನ್ನ ಹಾಡಿನಲ್ಲಿ ಏನಿದೆ ಮಗೂ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗಂಟೆ," ಎಂದಳು ಇವಳು.

"ನಮ್ಮ ಹಾಡಿನಲ್ಲಿ ಗಂಟೆಯೇ ಇಲ್ಲ. ಹಕ್ಕಿ ಇದೆ!"

ಅವರು ಹೇಳಿದ್ದು ಇಷ್ಟು. ಹಾಡಿನ ಮೂಲ ಹೆಸರು 'ಶ್ಚೆದ್ರಿಕ್'. ಕೈಬಿಚ್ಚಿ ಕೊಡುವುದು, ಸಮೃದ್ಧಿ ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಕವಲು ಬಾಲದ ಒಂದು ಹಕ್ಕಿ ರೈತನ ಮನೆಗೆ ಹಾರಿ ಬರುತ್ತದೆ. ಯಜಮಾನನನ್ನು ಹೊರಗೆ ಕರೆದು, ಕುರಿಗಳು ಮರಿ ಹಾಕಿವೆ ನೋಡು, ಈ ವರ್ಷ ನಿನಗೆ ಒಳ್ಳೆಯದಾಗುತ್ತದೆ ಎಂದು ಹೇಳುತ್ತದೆ. ಹಳೆಯ ಪಂಚಾಂಗದ ಲೆಕ್ಕದಲ್ಲಿ ಹೊಸವರ್ಷದ ಹಿಂದಿನ ಸಂಜೆ, ಜನವರಿ 13ರಂದು, ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಇಂಥ ಹಾಡು ಹಾಡುತ್ತಿದ್ದರು. ಮನೆಯವರು ತಿಂಡಿ ಕೊಡುತ್ತಿದ್ದರು.

"ಜನವರಿಯಲ್ಲಿ ಅಲ್ಲಿ ಹಿಮ ಅಲ್ವಾ? ಹಕ್ಕಿ ಎಲ್ಲಿಂದ ಬರುತ್ತೆ?" ಮೊಮ್ಮಗಳ ಪ್ರಶ್ನೆ.

ಅವರಿಗೆ ಬಹಳ ಸಂತೋಷವಾಯಿತು. "ಜಾಣೆ! ಬಹಳ ಹಿಂದಿನ ಕಾಲದಲ್ಲಿ ನಮ್ಮ ಹೊಸವರ್ಷ ವಸಂತದಲ್ಲಿ ಬರುತ್ತಿತ್ತು. ಹಕ್ಕಿಗಳು ತಿರುಗಿ ಬರುವ ಕಾಲ ಅದು. ಆಮೇಲೆ ಹಬ್ಬದ ತಾರೀಕು ಬದಲಾಯಿತು, ಹಾಡು ಬದಲಾಗಲಿಲ್ಲ."

"ನಮ್ಮ ಯುಗಾದಿ ಹಾಗೆ!" ಎಂದೆ ನಾನು.

ಹಾಗಾದರೆ ಗಂಟೆ ಎಲ್ಲಿಂದ ಬಂತು? ಅದು ನಾನು ಪುಸ್ತಕದಲ್ಲಿ ಓದಿದ್ದೆ. ನ್ಯೂಜೆರ್ಸಿಯಲ್ಲೇ ಹುಟ್ಟಿ, ನ್ಯೂಯಾರ್ಕಿನ ಶಾಲೆಗಳಲ್ಲಿ ಸಂಗೀತದ ಕೆಲಸ ಮಾಡುತ್ತಿದ್ದ ಪೀಟರ್ ವಿಲ್‌ಹೌಸ್ಕಿ ಎಂಬವರಿಗೆ ಆ ನಾಲ್ಕು ಬಡಿತ ಗಂಟೆಯ ನಾದದಂತೆ ಕೇಳಿಸಿತು. 1936ರಲ್ಲಿ ಅವರು ಇಂಗ್ಲಿಷಿನಲ್ಲಿ ಹೊಸ ಮಾತು ಬರೆದರು. ಹಕ್ಕಿ ಹೋಗಿ ಗಂಟೆ ಬಂತು, ಹೊಸವರ್ಷದ ಹಾಡು ಕ್ರಿಸ್‌ಮಸ್ ಹಾಡಾಯಿತು.

ಮನೆಗೆ ಮರಳುವ ರೈಲಿನಲ್ಲಿ ಅವಳು ಕೇಳಿದಳು. "ಅಜ್ಜಾ, ಹಳ್ಳಿಯವರ ಹಾಡು ಅಂದ್ರಿ. ಮೇಷ್ಟರ ಹಾಡೂ ಅಂದ್ರಿ. ಯಾರದ್ದು ಅದು?"

"ಅಸಲು ಊರಿನವರದ್ದು, ಬೆಳೆಸಿದ್ದು ಮೇಷ್ಟರು. ಲೆಕ್ಕದಲ್ಲಿ ಇಬ್ಬರ ಹೆಸರೂ ಇರಬೇಕು," ಎಂದೆ.

ಸೋಮವಾರ ಅವಳು ತನ್ನ ಟೀಚರಿಗೆ ಎಲ್ಲ ಹೇಳಿದಳಂತೆ. ಹಾಳೆಗಳು ಅಚ್ಚಾಗಿಬಿಟ್ಟಿದ್ದವು. "ಹಾಡಿಗೆ ಮುಂಚೆ ನೀನೇ ಎದ್ದು ಹೇಳು," ಎಂದರಂತೆ ಟೀಚರ್. ಕಾರ್ಯಕ್ರಮದ ದಿನ ಅವಳು ಮುಂದೆ ಬಂದು ನಿಂತಳು. 'ಲೆಯೊಂತೋವಿಚ್' ಎನ್ನುವಾಗ ಒಮ್ಮೆ ತಡವರಿಸಿದಳು, ಮತ್ತೆ ಸರಿಯಾಗಿ ಹೇಳಿದಳು. ಹಕ್ಕಿಯ ವಿಷಯವನ್ನೂ ಹೇಳಿದಳು. ಆಮೇಲೆ ತಂಡ ಹಾಡಿತು. ಒಂದೂವರೆ ನಿಮಿಷವೂ ಇಲ್ಲದ ಹಾಡು. ಅವಳ ಮುಖದಲ್ಲಿ ಬೋರು ಕಾಣಲಿಲ್ಲ.

ಚಪ್ಪಾಳೆ ಹೊಡೆಯುತ್ತಾ ನನಗೆ ನನ್ನ ಊರು ನೆನಪಾಯಿತು. ನಮ್ಮ ಸಾಗರದ ಕಡೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ನಮ್ಮಮ್ಮ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಯಿ ಕೊಡುತ್ತಿದ್ದಳು. ನಾನು ಚಿಕ್ಕವನಿದ್ದಾಗ ಮುಂದೆ ನಿಂತು ಹಾಡುತ್ತಿದ್ದ ಅಜ್ಜನ ದನಿ ಇವತ್ತಿಗೂ ಕಿವಿಯಲ್ಲಿದೆ. ಅವನ ಹೆಸರು? ಗೊತ್ತಿಲ್ಲ. ಕೇಳಲೇ ಇಲ್ಲ. ಅವನು ಹಾಡುತ್ತಿದ್ದ ಒಂದು ಪದ ಆಮೇಲೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಸಾವಿರಾರು ಜನರ ಖಾತೆಯ ಹೆಸರು ತಪ್ಪದೆ ಬರೆದವನು ಆ ಒಂದು ಹೆಸರನ್ನು ಬಿಟ್ಟುಬಿಟ್ಟೆ.

ಜನವರಿಯಲ್ಲಿ ಊರಿಗೆ ಬಂದೆ. ಬೆಳಗ್ಗೆ ನೋಡಿದರೆ ಗದ್ದೆ ಬಯಲಿನ ಕರೆಂಟು ತಂತಿಯ ಮೇಲೆ ಕವಲು ಬಾಲದ ಹಕ್ಕಿಗಳು ಸಾಲಾಗಿ ಕೂತಿದ್ದವು. ಕವಲುತೋಕೆ ಎನ್ನುತ್ತೇವಲ್ಲ, ಚಳಿ ದೇಶಗಳಿಂದ ಇಲ್ಲಿಗೆ ಬರುವ ಹಕ್ಕಿ. ಹಾಡಿನಲ್ಲಿರುವುದೂ ಇದೇ ಜಾತಿಯ ಹಕ್ಕಿಯೇ. ಫೋಟೋ ತೆಗೆದು ಮೊಮ್ಮಗಳಿಗೆ ಕಳಿಸಿದೆ.

ಈಗ ನನ್ನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ನಮ್ಮ ಸುತ್ತಿನಲ್ಲಿ ಹಬ್ಬದ ಹಾಡು ಬಲ್ಲವರ ಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದೇನೆ. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಹಾಡು. ಇವತ್ತಿನ ತನಕ ಹದಿನಾಲ್ಕು ಆಗಿವೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಹಾಡು ಬಲ್ಲ ಅಜ್ಜಿ ಇರಬಹುದು. ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಹಾಡನ್ನು ಅವರು ಯಾರಿಂದ ಕಲಿತರು ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.