ಚರ್ಚ್‌ಗೇಟ್‌ನಿಂದ ಬಾಂದ್ರಾಕ್ಕೆ, ಒಂದು ಜಾಝ್ ಸಂಜೆ

ಮುಂಬೈಯಲ್ಲಿ ಒಂದೇ ಸಂಜೆ ಮೂರು ಕಡೆ ಜಾಝ್ ಕೇಳಬಹುದು. ಶನಿವಾರವಾಗಿರಬೇಕು, ಲೋಕಲ್ ಟ್ರೇನಿನ ಪಾಸ್ ಇರಬೇಕು, ಮೂರೂ ಕಡೆ ಊಟ ಮಾಡುವ ಹಟ ಇರಬಾರದು. ಕಳೆದ ತಿಂಗಳು ನಾನೂ ಹೆಂಡತಿಯೂ ಹಾಗೆ ಹೊರಟೆವು.

ಮೊದಲು ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ. ಅಲ್ಲಿ ಸಭಿಕರು ಕೆಮ್ಮುವುದೂ ಹಾಡು ಮುಗಿದ ಮೇಲೆಯೇ. ಪಿಯಾನೋ, ಬಾಸ್, ಡ್ರಮ್ಸ್, ಸ್ಯಾಕ್ಸೋಫೋನ್: ನಾಲ್ವರೂ ಮುಂಬೈಯವರೇ. ಡ್ಯೂಕ್ ಎಲ್ಲಿಂಗ್ಟನ್ ತಂಡದ ಗುರುತಿನ ಹಾಡಾದ 'ಟೇಕ್ ದಿ ಎ ಟ್ರೇನ್' ನುಡಿಸಿದರು. ಬಿಲ್ಲಿ ಸ್ಟ್ರೇಹಾರ್ನ್ ಬರೆದ ಈ ಹಾಡಿನ 'ಎ ಟ್ರೇನ್' ನ್ಯೂಯಾರ್ಕಿನ ಸುರಂಗ ರೈಲು. ಕಛೇರಿ ಕೇಳಿ ಬೆಳೆದವರಿಗೆ ಜಾಝ್ ಕಷ್ಟವಲ್ಲ. ಮೊದಲು 32 ಬಾರ್‌ಗಳ ಹಾಡನ್ನು ಎಲ್ಲರೂ ಸೇರಿ ನುಡಿಸುತ್ತಾರೆ. ಆಮೇಲೆ ಅದೇ 32 ಬಾರ್‌ಗಳು ಒಳಗೊಳಗೇ ಸುತ್ತುತ್ತಿರುವಾಗ ಒಬ್ಬೊಬ್ಬರೂ ಸರದಿಯಂತೆ ಹೊಸತನ್ನು ಕಟ್ಟುತ್ತಾರೆ. ಕಡೆಗೆ ಮತ್ತೆ ಹಾಡಿಗೇ ಬಂದು ನಿಲ್ಲುತ್ತಾರೆ. ನಮ್ಮ ಪಲ್ಲವಿ, ಸ್ವರಪ್ರಸ್ತಾರದ ದೂರದ ನೆಂಟ ಎನ್ನಿ.

ಅಲ್ಲಿಂದ ಮರೀನ್ ಡ್ರೈವ್ ಗುಂಟ ನಡೆದು ವೀರ್ ನಾರಿಮನ್ ರಸ್ತೆಗೆ ತಿರುಗಿದೆವು. ಇದರ ಹಳೆಯ ಹೆಸರು ಚರ್ಚ್‌ಗೇಟ್ ಸ್ಟ್ರೀಟ್. ಐವತ್ತು, ಅರವತ್ತರ ದಶಕಗಳಲ್ಲಿ ಇಲ್ಲಿನ ರೆಸ್ಟೋರೆಂಟುಗಳಲ್ಲಿ ರಾತ್ರಿಯಾದರೆ ಬ್ಯಾಂಡು. ನುಡಿಸುತ್ತಿದ್ದವರಲ್ಲಿ ಬಹಳ ಮಂದಿ ಗೋವಾದವರು. ಅವರಲ್ಲಿ ಅನೇಕರಿಗೆ ಹಗಲು ಹಿಂದಿ ಸಿನಿಮಾ ಸ್ಟುಡಿಯೋ, ರಾತ್ರಿ ಕ್ಲಬ್ಬು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೋ ಝೇವಿಯರ್ ವಾಝ್ ಅವರನ್ನು 1951ರ 'ಅಲ್ಬೇಲಾ' ಚಿತ್ರದಲ್ಲಿ ಪರದೆಯ ಮೇಲೇ ನೋಡಬಹುದು. 1956ರಲ್ಲಿ ಶುರುವಾದ ಗೇಲಾರ್ಡ್ ಈಗಲೂ ಅಲ್ಲೇ ಇದೆ.

ನಮ್ಮ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುತ್ತಿದ್ದದ್ದು ಆ ಕಾಲದಲ್ಲೇ. ರಾತ್ರಿ ಶಾಲೆ ಮುಗಿಸಿ ಗಾಳಿಗೆಂದು ಸಮುದ್ರದ ಕಡೆ ಹೋಗುವಾಗ ಈ ಬೀದಿಯಲ್ಲಿ 'ಪೀಪಿ' ಕೇಳುತ್ತಿತ್ತಂತೆ. ಅವರ ಪಾಲಿಗೆ ಟ್ರಂಪೆಟ್ಟೂ ಪೀಪಿ, ಸ್ಯಾಕ್ಸೋಫೋನೂ ಪೀಪಿ. ಒಳಗೆ ಹೋಗುವ ಮಾತೇ ಇರಲಿಲ್ಲ. ಗಿರಾಕಿ ಬಂದು ಬಾಗಿಲು ತೆರೆದಾಗ ಒಂದಿಷ್ಟು ಸಂಗೀತ, ಮುಚ್ಚಿದಾಗ ಬರೀ ಬೀದಿ. "ಒಂದು ಹಾಡನ್ನೂ ಪೂರ್ತಿ ಕೇಳ್ಲಿಲ್ಲ ಮಾರಾಯ" ಎಂದು ಎಂಬತ್ತು ದಾಟಿದ ಮೇಲೂ ಹೇಳುತ್ತಿದ್ದರು.

ಎರಡನೆಯ ಜಾಗ ಲೋವರ್ ಪರೇಲ್‌ನ ಒಂದು ಬಾರು. ಇದೇ ಪರೇಲ್‌ನ ಮಥುರಾದಾಸ್ ಮಿಲ್ಸ್ ಆವರಣದಲ್ಲಿ 2007ರಿಂದ 2016ರವರೆಗೆ ಬ್ಲೂ ಫ್ರಾಗ್ ಇತ್ತು. ಕೇಳುವವರನ್ನು ಲೆಕ್ಕದಲ್ಲಿಟ್ಟು ಕಟ್ಟಿದ ಕ್ಲಬ್ಬು ಅದು. ನಾವು ಹೋದ ಬಾರಿನಲ್ಲಿ ಗೋಡೆಯ ಮೇಲೆ ಕ್ರಿಕೆಟ್, ಮೇಜಿನ ಮೇಲೆ ಯಾರದೋ ಹುಟ್ಟುಹಬ್ಬ, ಮೂಲೆಯಲ್ಲಿ ಮೂವರು ವಾದಕರು. ಹುಡುಗಿಯೊಬ್ಬಳು ಬಹಳ ಚೆನ್ನಾಗಿ ಹಾಡುತ್ತಿದ್ದಳು. ಚಪ್ಪಾಳೆ ಬಿದ್ದದ್ದು ಸಿಕ್ಸರಿಗೆ. ಅರ್ಧ ಗಂಟೆಗೇ ಎದ್ದೆವು.

ಬಾಂದ್ರಾದಲ್ಲಿ ಮೆಟ್ಟಿಲು ಹತ್ತಿ ಹೋದರೆ ಮೂವತ್ತು ಕುರ್ಚಿಗಳ ಒಂದು ಕೋಣೆ. ಡ್ರಮ್ಸ್ ಹಿಂದೆ ಕೂತವನನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ಎನ್‌ಸಿಪಿಎಯಲ್ಲಿದ್ದವನೇ! ನಾವು ಬಾರಿನಲ್ಲಿ ಕೂತಿದ್ದಾಗ ಅವನು ತಾಳದ ತಟ್ಟೆಗಳ ಚೀಲ ಬೆನ್ನಿಗೇರಿಸಿ ಲೋಕಲ್ ಹತ್ತಿ ಇಲ್ಲಿಗೆ ಬಂದಿದ್ದ. ಇಲ್ಲಿಯೂ ಅದೇ 'ಎ ಟ್ರೇನ್'. ಆದರೆ ಅಲ್ಲಿ ಇಸ್ತ್ರಿ ಹಾಕಿದಂತಿದ್ದದ್ದು ಇಲ್ಲಿ ತೋಳು ಮಡಚಿಕೊಂಡಿತ್ತು. ಸ್ಯಾಕ್ಸೋಫೋನಿಗೂ ಡ್ರಮ್ಸಿಗೂ ಸವಾಲು ಜವಾಬು ಹತ್ತಿತು. ಎಂಟು ಬಾರ್ ನೀನು, ಎಂಟು ನಾನು. ಆಮೇಲೆ ನಾಲ್ಕು, ಆಮೇಲೆ ಎರಡು. ತನಿಯಾವರ್ತನದಲ್ಲಿ ಮೃದಂಗ, ಘಟಗಳು ಇಳಿಸುತ್ತ ಬರುತ್ತವಲ್ಲ, ಥೇಟ್ ಹಾಗೆಯೇ. ಹೆಂಡತಿಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಆರ್. ಎ. ರಮಾಮಣಿಯವರ ಗಾಯನದೊಂದಿಗೆ ಚಾರ್ಲಿ ಮರಿಯಾನೋ ಜತೆ 1983ರಲ್ಲೇ 'ಜ್ಯೋತಿ' ಆಲ್ಬಮ್ ತಂದದ್ದು ಸುಮ್ಮನೆ ಅಲ್ಲ.

ವಿರಾಮದಲ್ಲಿ ಡ್ರಮ್ಸಿನವನ ಜೊತೆ ಮಾತಾಡಿದೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಡಿಸೆಂಬರಿನಲ್ಲಿ ಮದುವೆಗಳು, ಹೊಟ್ಟೆಪಾಡು ಅದರಿಂದ. ಸ್ಟುಡಿಯೋದಿಂದ ಕರೆ ಬರುವುದು ಅಪರೂಪ, ಅಲ್ಲಿ ಡ್ರಮ್ಸ್ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಜಾಝ್ ತಿಂಗಳಿಗೆ ನಾಲ್ಕೈದು ರಾತ್ರಿ. "ದುಡ್ಡು ಬಾರಿನಲ್ಲೇ ಜಾಸ್ತಿ, ಆದರೆ ಇಲ್ಲಿ ನಾನು ಒಂದು ಹೊಡೆತ ಬಿಟ್ಟರೂ ಯಾರಾದರೂ ತಲೆ ಎತ್ತುತ್ತಾರೆ" ಎಂದ.

ಆ ರಾತ್ರಿ ಮೂವತ್ತರಲ್ಲಿ ಹನ್ನೊಂದು ಕುರ್ಚಿ ಖಾಲಿ ಇದ್ದವು, ಎಣಿಸಿದೆ. ಹೀಗೇ ಆದರೆ ಮಳೆಗಾಲ ಕಳೆದ ಮೇಲೆ ಇಲ್ಲಿ ಡಿಜೆ ಕೂರಿಸುವುದಾಗಿ ಕೋಣೆಯ ಮಾಲೀಕರು ಹೇಳಿದ್ದಾರಂತೆ. ಮುಂದಿನ ಸಲಕ್ಕೆ ನಮ್ಮ ಸೊಸೈಟಿಯ ಇಬ್ಬರನ್ನು ಒಪ್ಪಿಸಿದ್ದೇವೆ. ಅವರಲ್ಲೊಬ್ಬರು ಊಟ ಏನಿರುತ್ತದೆ ಎಂದು ಕೇಳಿದ್ದಾರೆ.